ಕೇಳಿ ಮುಟ್ಟುವ ಕೈ

ಹೊತ್ತು ಮೂಡುವ ಮುನ್ನವೇ ಗೋವಾದ ವಿಮಾನ ನಿಲ್ದಾಣದಲ್ಲಿ ಸಾಲು ಬೆಳೆದಿದೆ. ಹೆಂಗಸರ ತಪಾಸಣೆಯ ಪರದೆಯೊಳಗೆ ಭದ್ರತಾ ಸಿಬ್ಬಂದಿ ಜಾಸ್ಮೀನ ಅಂಗೈಗಳನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದಾರೆ. ಏಸಿ ಗಾಳಿಗೆ ಕೈ ಮಂಜುಗಡ್ಡೆಯಾಗಿರುತ್ತದೆ, ಆ ಕೈ ತಾಗಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ. ಒಳಬಂದವರಿಗೆಲ್ಲ ಮೊದಲು ಒಂದು ಮಾತು ಹೇಳುತ್ತಾರೆ. ಕೊಂಕಣಿಯವರಿಗೆ ಕೊಂಕಣಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ನಮ್ಮ ಕಡೆಯವರಾದರೆ, "ಮುಟ್ಟಿ ನೋಡ್ತೇನ್ರಿ, ಕೈ ಮ್ಯಾಲೆತ್ರಿ." ಎದುರಿನವರು ಹೂಂ ಅಂದ ಮೇಲೆಯೇ ಕೈ ಮುಂದೆ ಹೋಗುವುದು.

ಮುದ್ದೇಬಿಹಾಳದ ಕಡೆಯಿಂದ ಬಂದ ಅವರ ತಂದೆ ರಾಜಮಹ್ಮದ ಗೋವಾದ ಗಣಿಯೂರು ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. ಗಣಿ ನಿಂತಿತು, ಲಾರಿಯೂ ನಿಂತಿತು. ಮಗಳು ಹಟ ಹಿಡಿದು ಓದಿ, ದೈಹಿಕ ಪರೀಕ್ಷೆಗೆ ಓಡಿ, ಈ ಕೆಲಸ ಗಿಟ್ಟಿಸಿಕೊಂಡರು. ಈಗ ದಿನಕ್ಕೆ ನೂರಾರು ಹೆಂಗಸರು ಈ ಪರದೆ ದಾಟುತ್ತಾರೆ. ನಿಂತು ನಿಂತು ಮೊಣಕಾಲು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಬೈಗುಳ ಬೇರೆ! "ನನ್ನ ನೋಡಿದ್ರ ಕಳ್ಳಿ ಕಂಡಂಗ ಕಾಣಸ್ತೈತೇನು ಅಂತಾರ್ರಿ. ಸಿಟ್ಟು ಬರೂದ ಖರೇ ಐತಿ. ಗುರ್ತಿಲ್ಲದಾಕಿ ಮೈ ತಡವಿದ್ರ ನನಗೂ ಬರ್ತೈತಿ" ಎಂದು ನಗುತ್ತಾರೆ.

ಇವತ್ತು ಪರದೆ ಸರಿಸಿ ಬಂದವರು ಸೋಮ್ಲಿಬಾಯಿ. ಕಲಂಗುಟ್ ಕಡಲ ದಂಡೆಯಲ್ಲಿ ಲಂಬಾಣಿ ಕಸೂತಿಯ ಚೀಲ ಮಾರುವ ಹಿರಿಯಾಕೆ. ದಿಲ್ಲಿಯ ಕರಕುಶಲ ಮೇಳಕ್ಕೆ ಕರೆ ಬಂದು, ಹುಟ್ಟಿದಾಗಿನಿಂದ ಮೊದಲ ಸಲ ವಿಮಾನ ಹತ್ತಲು ಹೊರಟಿದ್ದಾರೆ. ಜಾಸ್ಮೀನರ ಕೈಯಲ್ಲಿದ್ದ ಯಂತ್ರ ಆಕೆಯ ಕೆನ್ನೆಯ ಬಳಿ ಬಂದದ್ದೇ ತಡ, ಕಿರ್ರೆಂದಿತು. ಕೂದಲಿಗೆ ಹೆಣೆದು ಎರಡೂ ಕಡೆ ಇಳಿಬಿಟ್ಟ ಬೆಳ್ಳಿಯ ಟೋಪ್ಲಿ, ಲಂಬಾಣಿ ಮುತ್ತೈದೆಯರ ಗುರುತು.

ಪರದೆಯಾಚೆ ಜಾಸ್ಮೀನರ ಮೇಲಧಿಕಾರಿ, ಬೆಳಗಾವಿ ಕಡೆಯ ಸಾಹೇಬರು ನಿಂತಿದ್ದಾರೆ. ಅವರದೂ ತಪ್ಪಲ್ಲ. ನಾಳೆ ಹೆಚ್ಚುಕಮ್ಮಿಯಾದರೆ ಕುತ್ತಿಗೆಗೆ ಬರುವುದು ಅವರಿಗೇ. "ತಗಿಸಿ ಬಿಡ್ರಿ. ತಗ್ಯಾಂಗಿಲ್ಲ ಅಂದ್ರ ಹೊರಗ ಕಳಸ್ರಿ" ಎಂದುಬಿಟ್ಟರು.

ಸೋಮ್ಲಿಬಾಯಿ ಎರಡೂ ಕೈಯಿಂದ ಟೋಪ್ಲಿ ಮುಚ್ಚಿಕೊಂಡರು. "ನನ್ನ ಗಂಡ ರೂಪಲಪ್ಪ ಹೊರಗ ಗೇಟಿನ ಹಂತ್ಯಾಕ ಗಟ್ಟಿಮುಟ್ಟ ನಿಂತಾನ. ಅಂವ ಇರೂಮಟ ಇದನ್ನ ಹೆಂಗ ತಗೀಲೆವ್ವಾ? ವಿಮಾನ ಹ್ವಾದ್ರ ಹೋಗ್ಲಿ."

ಜಾಸ್ಮೀನ ಪರದೆಯಿಂದ ತಲೆ ಹೊರಹಾಕಿದರು. "ಸಾಹೇಬ್ರ, ತಗೀದನ ಪೂರಾ ನೋಡ್ತೇನಿ. ಹೊಣಿ ನಂದು." ಸಾಹೇಬರು ಗೊಣಗಿಕೊಂಡೇ ಒಪ್ಪಿದರು.

ಜಾಸ್ಮೀನ ಆಕೆಯನ್ನು ಕೂರಿಸಿ, ಕೇಳಿ, ಕೂದಲ ಎಳೆ ಎಳೆಯನ್ನೂ ಬೆರಳಿನಿಂದ ಬಿಡಿಸುತ್ತ ಹೋದರು. ಎಡಗಡೆ ಟೋಪ್ಲಿಯ ಹಿಂದೆ, ಹೆರಳಿನೊಳಗೆ, ಬೆರಳು ತಟ್ಟನೆ ನಿಂತಿತು. ಬಟ್ಟೆ ಸುತ್ತಿದ ಅರ್ಧ ಬ್ಲೇಡು! ಕಸೂತಿಯವರ ರೂಢಿ. ದಾರ ಕತ್ತರಿಸುವುದು, ಮತ್ತೆ ಹೆರಳಿಗೆ ಸಿಕ್ಕಿಸುವುದು. ಇಟ್ಟದ್ದು ಸೋಮ್ಲಿಬಾಯಿಗೇ ಮರೆತುಹೋಗಿದೆ. ಮುದುಕಿಯ ಮುಖ ಬಿಳಿಚಿಕೊಂಡಿತು. ಪರದೆಯೊಳಗೆ ಇಬ್ಬರೇ. ಮುಷ್ಟಿಯಲ್ಲಿ ಮುಚ್ಚಿ ಕಸದ ಬುಟ್ಟಿಗೆ ಹಾಕಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಮೈಮೇಲೆ ಹೊಣೆ ಎಳೆದುಕೊಂಡು ಆಡಿದ ಮಾತು, ಮುದುಕಿಯ ಪ್ರಯಾಣ, ಎರಡೂ ಉಳಿಯುತ್ತಿದ್ದವು.

ಜಾಸ್ಮೀನ ಅದನ್ನು ತಟ್ಟೆಯಲ್ಲಿಟ್ಟು ಸಾಹೇಬರ ಮುಂದೆ ಹಿಡಿದರು.

"ಇದಕ್ಕ ನಾ ತಗಸ್ರಿ ಅಂದದ್ದು!" ಸಾಹೇಬರ ದನಿ ಏರಿತು.

"ಹೌದ್ರಿ. ತಗಿಸಿದ್ರೂ ಸಿಗತಿತ್ತು. ತಗೀದನೂ ಸಿಕ್ತಲ್ರಿ."

ಸಾಹೇಬರು ಬ್ಲೇಡು ನೋಡಿದರು, ಸೋಮ್ಲಿಬಾಯಿಯ ರವಿಕೆಯ ಮೇಲಿನ ದಾರದ ಕೆಲಸ ನೋಡಿದರು. ನಾಲ್ಕು ಪ್ರಶ್ನೆ ಕೇಳಿ, ಚೀಲವನ್ನು ಇನ್ನೊಮ್ಮೆ ತೆಗೆಸಿ ನೋಡಿ, ಬ್ಲೇಡನ್ನು ಜಪ್ತಿ ಡಬ್ಬಿಗೆ ಹಾಕಿಸಿದರು. ಮುದುಕಿ ಟೋಪ್ಲಿ ಜೋಲಾಡಿಸುತ್ತ ವಿಮಾನದ ಕಡೆಗೆ ಓಡಿದ್ದನ್ನು ನೋಡಬೇಕಿತ್ತು!

ಪಾಳಿ ಮುಗಿಸಿ ಚಹಾ ಕುಡಿಯುವಾಗ ಜಾಸ್ಮೀನರಿಗೆ ಇನ್ನೂ ಸಮಾಧಾನವಿಲ್ಲ. "ನಮ್ಮಾಕಿ ಅಂತ ಹಂಗ ಬಿಟ್ಟಿದ್ರ ಬ್ಲೇಡು ಒಳಗ ಹೋಗತಿತ್ರಿ. ಜೋರು ಮಾಡಿ ತಗಿಸಿದ್ರ ಆಕಿ ಅಳಕೋತ ಮನಿಗೆ ಹೋಗತಿದ್ಲು. ಎರಡೂ ಆಗಬಾರದು. ದಿನಾ ಇದ ತ್ರಾಸ."

ಏನು ಆಸೆ ಎಂದು ಕೇಳಿದರೆ ಬಡ್ತಿ, ವರ್ಗಾವಣೆ ಏನೂ ಹೇಳುವುದಿಲ್ಲ. ಕುಡಚಡೆಯ ಮನೆಯಲ್ಲಿರುವ ತಾಯಿ ಮಕ್ತುಮಬಿ ಬುರ್ಖಾ ಹಾಕುವವರು, ವಿಮಾನ ಹತ್ತಿದವರಲ್ಲ. "ನಮ್ಮವ್ವನ್ನ ಒಮ್ಮೆ ಈ ದಾರೀಲೆ ಕಳಸ್ಬೇಕ್ರಿ, ನನಗ ಸೂಟಿ ಇದ್ದ ದಿನ, ನಾ ಇಲ್ಲದಾಗ. ಬ್ಯಾರೆ ಯಾರರ ತಪಾಸ ಮಾಡ್ಲಿ, ಪೂರಾ ಮಾಡ್ಲಿ. ಆಮ್ಯಾಲ ಆಕಿ ಫೋನ್ ಹಚ್ಚಿ, ನಿನ್ನಂಥ ಹುಡಿಗಿನ ಇದ್ಲವ್ವಾ ಅಲ್ಲಿ, ಅನ್ಬೇಕು."