ಬೂತಾಯಿ ಎಂದು ಬರೆದದ್ದಕ್ಕೆ

ಅರವತ್ತರ ದಶಕದ ಮೊದಲಲ್ಲಿ ಟ್ರೈನಿಂಗ್ ಮುಗಿಸಿ ನಾನು ಮಂಗಳೂರಿನ ಕುದ್ರೋಳಿಯ ಕಡೆಯ ಒಂದು ಶಾಲೆಗೆ ಟೀಚರಾಗಿ ಸೇರಿದೆ. ಕುಲಶೇಖರದ ನಮ್ಮ ಮನೆಯಲ್ಲಿ ಕೊಂಕಣಿ, ರಸ್ತೆಗೆ ಇಳಿದರೆ ತುಳು, ಪುಸ್ತಕ ತೆರೆದರೆ ಕನ್ನಡ. ಅದರಲ್ಲಿ ಕಷ್ಟವೇನಾದರೂ ಇರಬಹುದು ಎಂದು ನನಗೆ ಅಲ್ಲಿಯವರೆಗೆ ಅನಿಸಿರಲಿಲ್ಲ.

ನನಗೆ ಸಿಕ್ಕಿದ್ದು ಮೂರನೇ ತರಗತಿ. ಮೊದಲ ದಿನ ಪಾಠ ಓದಿಸಿದೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ನೀರು ಕುಡಿದಷ್ಟು ಸಲೀಸಾಗಿ ಓದಿದರು. ಆದರೆ ಹಿಂದಿನ ಬೆಂಚಿನಲ್ಲಿ ಎದ್ದು ಓದುತ್ತಿದ್ದ ಹುಡುಗನ ಪುಸ್ತಕ ಬೇರೆಯೇ ಪುಟದಲ್ಲಿ ತೆರೆದಿತ್ತು. ಸಂಶಯ ಬಂದು ಅದೇ ಪಾಠದ ಒಂದು ಶಬ್ದವನ್ನು ಬೋರ್ಡಿನ ಮೇಲೆ ಬರೆದು ಇದೇನು ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ.

ಹೆಡ್ಮಾಸ್ಟರರ ಹತ್ತಿರ ಹೋಗಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಇಲ್ಲಿ ಬ್ಯಾರಿ, ಮೊಗವೀರ, ಎಲ್ಲ ಮಕ್ಕಳೂ ಬರ್ತಾರೆ ಟೀಚರ್. ಮನೆಯಲ್ಲಿ ಕನ್ನಡ ಎಲ್ಲಿ ಉಂಟು? ಬಾಯಿಪಾಠ ಮಾಡಿಸಿ ಸಾಕು. ಇನ್‌ಸ್ಪೆಕ್ಟರ್ ಬಂದಾಗ ಮರ್ಯಾದೆ ಉಳಿದರೆ ಆಯ್ತು."

ನಾನು ಕೇಳಲಿಲ್ಲ. ಮಕ್ಕಳಿಗೆ ಗೊತ್ತಿದ್ದ ಶಬ್ದಗಳಿಂದಲೇ ಮತ್ತೆ ಅಕ್ಷರ ಶುರುಮಾಡಿದೆ. ಬಂಗುಡೆ, ಬೂತಾಯಿ, ಮರುವಾಯಿ. ಮನೆಯಲ್ಲಿ ದಿನಾ ತಿನ್ನುವ ಮೀನಿನ ಹೆಸರು ಬೋರ್ಡಿನ ಮೇಲೆ ಕಂಡಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಓದಿದರು. ಮೀನಿನಿಂದ ದೋಣಿಗೆ, ದೋಣಿಯಿಂದ ಅಂಗಡಿಗೆ, ಅಲ್ಲಿಂದ ನಿಧಾನವಾಗಿ ಪುಸ್ತಕದ ಶಬ್ದಗಳಿಗೆ ಬಂದೆವು. ಪಾಠಗಳು ಹಿಂದೆ ಬಿದ್ದವು, ನಿಜ.

ಎಲ್ಲರಿಗಿಂತ ಮುಂದೆ ಓಡಿದವಳು ಒಬ್ಬ ಬ್ಯಾರಿ ಹುಡುಗಿ. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಒಂದು ಸಂಜೆ ಶಾಲೆ ಬಿಟ್ಟು ನಡೆದುಹೋಗುವಾಗ ಆ ಹುಡುಗಿ ನನ್ನ ಸೆರಗು ಜಗ್ಗಿ ಒಂದು ಅಂಗಡಿಯ ಬೋರ್ಡು ತೋರಿಸಿದಳು. "ಟೀಚರ್, ಅಲ್ಲಿ ಉಪ್ಪು ಅಂತ ಉಂಟು!" ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಸಂಜೆ ನನಗಾದ ಸಂತೋಷ ಮುಂದಿನ ಅಷ್ಟು ವರ್ಷಗಳ ನೌಕರಿಯಲ್ಲಿ ಮತ್ತೆ ಆಗಲಿಲ್ಲ.

ಮಳೆಗಾಲ ಕಳೆದ ಮೇಲೆ ಇನ್‌ಸ್ಪೆಕ್ಟರ್ ಬಂದರು. ಮೈಸೂರು ಕಡೆಯವರು, ಜಿಲ್ಲೆಗೆ ಹೊಸಬರು. ಬೋರ್ಡು ನೋಡಿದರು.

"ಬೂತಾಯಿ ಅಂದ್ರೇನ್ರೀ?"

"ಮೀನು, ಸರ್."

"ಇದು ಸ್ಕೂಲೋ, ಮೀನ್ ಮಾರ್ಕೆಟ್ಟೋ?"

ಬಾಗಿಲಲ್ಲಿ ನಿಂತಿದ್ದ ಹೆಡ್ಮಾಸ್ಟರ್ ನೆಲ ನೋಡಿದರು. ಇನ್‌ಸ್ಪೆಕ್ಟರ್ ಮುಂದಿನ ಬೆಂಚಿನ ಆ ಹುಡುಗಿಯನ್ನೇ ಎಬ್ಬಿಸಿ ಪದ್ಯ ಹೇಳು ಎಂದರು. ಅವಳು ಪುಸ್ತಕ ತೆಗೆದು, "ಓದ್ತೇನೆ ಸರ್" ಎಂದಳು.

"ಓದೋದು ಬೇಡ. ಪುಸ್ತಕ ಮುಚ್ಚಿ ಹೇಳು."

ಎರಡು ಸಾಲು ಹೇಳಿ ನಿಂತುಬಿಟ್ಟಳು. "ಒಮ್ಮೆ ಓದಿಸಿ ನೋಡಿ ಸರ್" ಎಂದೆ. ಅವರು ಆಗಲೇ ತಿರುಗಿ ನಡೆದಿದ್ದರು. ಗೋಡೆಯ ಆಚೆಗಿನ ನಾಲ್ಕನೇ ತರಗತಿ ಅದೇ ಹೊತ್ತಿಗೆ ಒಂದೇ ಸ್ವರದಲ್ಲಿ ಇಡೀ ಪದ್ಯ ಹಾಡಿತು. ಇನ್‌ಸ್ಪೆಕ್ಟರ್ ಭೇಷ್, ಭೇಷ್ ಎಂದದ್ದು ನನಗೂ ಕೇಳಿಸಿತು. ಹೋಗುವ ಮೊದಲು ಹೆಡ್ಮಾಸ್ಟರರಿಗೆ ಹೇಳಿದರಂತೆ, ಆ ಹುಡುಗಿಗೆ ತಲೆ ಇಲ್ಲ, ಆ ಟೀಚರಿಗೆ ಶಿಸ್ತಿಲ್ಲ.

ಮರುವಾರ ನನ್ನಿಂದ ಮೂರನೇ ತರಗತಿ ಹೋಯಿತು, ಹೊಲಿಗೆ ಕ್ಲಾಸು ಸಿಕ್ಕಿತು. ವರ್ಷದ ಕೊನೆಗೆ ಹುಡುಗಿಯನ್ನು ಫೇಲು ಮಾಡಿದರು. ರಜೆ ಮುಗಿದರೂ ಅವಳು ಬರದಿದ್ದಾಗ ಮನೆಗೆ ಹೋದೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ಕೈ ಮಾತ್ರ ನಿಲ್ಲಲಿಲ್ಲ. ತಾಯಿಯ ಜೊತೆ ತುಳುವಿನಲ್ಲಿ ಮಾತಾಡಿದೆ.

"ದೊಡ್ಡ ಆಫೀಸರೇ ತಲೆ ಇಲ್ಲ ಅಂದಿದ್ದಾರಲ್ಲ ಟೀಚರ್. ಇನ್ನು ಶಾಲೆಗೆ ಕಳಿಸಿ ಎಂತ ಮಾಡುದು?"

"ಅವಳಿಗೆ ಚೆನ್ನಾಗಿ ಓದಲಿಕ್ಕೆ ಬರ್ತದೆ. ಆ ಶಾಲೆಯಲ್ಲಿ ಅವಳಷ್ಟು ಓದುವವರು ಇಲ್ಲ."

ತಾಯಿ ನನ್ನನ್ನೇ ನೋಡಿದಳು. "ಹಾಗಾದ್ರೆ ಫೇಲ್ ಮಾಡಿದ್ದು ಯಾಕೆ?"

ತಾಯಿ ಮತ್ತೆ ಎಲೆ ಕತ್ತರಿಸತೊಡಗಿದಳು, ನಾನು ಎದ್ದು ಬಂದೆ.

ಮರುವರ್ಷ ಬಲ್ಮಠದಲ್ಲಿ ಅಧ್ಯಾಪಕರ ಸಭೆ. ಶಾಲೆಗಳಲ್ಲಿ ಕಲಿಕೆಯ ಮಟ್ಟ ಏರಿಸುವುದು ಹೇಗೆ ಎಂದು ಭಾಷಣ ಮಾಡಲು ಕರೆದದ್ದು ನಮ್ಮ ಹೆಡ್ಮಾಸ್ಟರರನ್ನೇ. ಮಕ್ಕಳ ಮನೆಯ ಬಡತನದ ಬಗ್ಗೆ, ತಂದೆತಾಯಿಗಳ ಅಜ್ಞಾನದ ಬಗ್ಗೆ ಬಹಳ ಮರುಗಿ ಮಾತಾಡಿದರು. ಸಭೆಯವರು ಅವರಿಗೆ ಹಾರ ಹಾಕಿದರು.

"ಎಂತ ಮಾರಾಯ್ತಿ, ನಿಮ್ಮ ಹೆಡ್ಮಾಸ್ಟರೇ ಅಲ್ವಾ? ಚಪ್ಪಾಳೆ ಹೊಡೆಯುದಿಲ್ವಾ?" ಎಂದು ಪಕ್ಕದ ಟೀಚರ್ ಮೊಣಕೈಯಿಂದ ತಿವಿದರು.

ನಾನು ಕೊಡೆ ತೆಗೆದುಕೊಂಡು ಹೊರಗೆ ಬಂದು ಬಸ್ಸಿಗೆ ಕಾದು ನಿಂತೆ.