ಹಳೆಯದು ಮುಗಿಯಲಿ

ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ ಮೂಗನ್ನು ಒಳಗಿಟ್ಟರೆ ನಮ್ಮ ಅತ್ತೆಯ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಂದು ಕಣ್ಣು ಮುಚ್ಚಿತೆಂದರೆ ಒಳಗಿನದು ಗಟ್ಟಿಯಾಗಿದೆ, ಇನ್ನೊಂದು ವರ್ಷ ಬಾಳುತ್ತದೆ ಎಂದರ್ಥ. ಎರಡೂ ಮುಚ್ಚಿದರೆ ಕೆಡುವ ದಾರಿ ಹಿಡಿದಿದೆ, ಇವತ್ತಿನಿಂದಲೇ ತಿಂದು ಮುಗಿಸಬೇಕು ಎಂದರ್ಥ. ಎರಡರಲ್ಲಿ ಏನೇ ಆದರೂ ತಿನ್ನುವವರು ನಾವೇ. ಹಣೆ ತುಂಬ ವಿಭೂತಿ, ಮೂಗಿನ ತುದಿಗೆ ಖಾರದ ಪುಡಿ, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ ಆ ಮುಖ ನೆನಪಾದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು.

ಲೂಟಿ, ಹೊಡೆದಾಟದ ಗಡಬಡಿಯೆಲ್ಲ ಅಡಗಿ ನಿಜಾಮರ ಆಳಿಕೆ ಹೋದ ಮೇಲೆ ನಾನು ಮದುವೆಯಾಗಿ ವಾಡಿಗೆ ಬಂದವಳು. ಮನೆಯವರು ರೈಲ್ವೆಯಲ್ಲಿದ್ದರು. ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಇದ್ದದ್ದೇ ಎರಡು ಖೋಲಿ. ಅದರಲ್ಲಿ ಹಿಂದಿನ ಖೋಲಿ ಪೂರ್ತಿ ಅತ್ತೆಯದು. ನೆಲದಿಂದ ಮಾಡಿನವರೆಗೆ ಗಡಿಗೆಯ ಮೇಲೆ ಗಡಿಗೆ. ತೊಗರಿಬೇಳೆ, ಕಡಲೆಹಿಟ್ಟು, ಅಗಸೆ, ಗುರೆಳ್ಳು, ಶೇಂಗಾ, ಹುಣಸೆಹಣ್ಣು, ಸಂಡಿಗೆ, ಒಣಗಿಸಿದ ಬದನೆಕಾಯಿ. ಮಗ್ಗುಲಲ್ಲಿ ಒಣಗಿಸಿಟ್ಟ ಕಟಕ ರೊಟ್ಟಿಯ ಬುಟ್ಟಿ. ನನ್ನ ತವರಿನ ಟ್ರಂಕಿಗೆ ಮಾತ್ರ ಒಳಗೆ ಜಾಗವಿರಲಿಲ್ಲ. ಅದು ಪಡಸಾಲೆಯಲ್ಲಿ ಬಂದವರು ಕೂರುವ ಸ್ಟೂಲ್ ಆಯಿತು.

ಬಂದವರು ಅಂದೆನಲ್ಲ, ಅವರಿಗೆ ಕೊನೆಯೇ ಇರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಮನೆ ಮಾಡುವ ತಪ್ಪನ್ನು ಯಾರೂ ಮಾಡಬಾರದು. ಸೇಡಂನವರು, ಚಿತ್ತಾಪುರದವರು, ಚಿಂಚೋಳಿ ಕಡೆಯಿಂದ ಬಸ್ಸು ಹಿಡಿದು ಬಂದು ರೈಲು ಹತ್ತಿದವರು, ಎಲ್ಲರೂ ಇಲ್ಲಿಯೇ ಇಳಿದು ಇನ್ನೊಂದು ಗಾಡಿಗೆ ಕಾಯಬೇಕು. ಗಾಡಿ ಹೊತ್ತಿಗೆ ಬರುವುದಿಲ್ಲ. ಪ್ಲಾಟ್‌ಫಾರ್ಮಿನ ಕಲ್ಲು ಕಾದು ಕೂರಲಾಗುವುದಿಲ್ಲ. ಆಗ ಅವರಿಗೆ ನಮ್ಮ ನೆನಪಾಗುತ್ತದೆ. ಬಾಗಿಲಲ್ಲಿ ನಿಂತು "ಗಾಡಿ ಭಾಳ ಲೇಟ್ ಅದಂತ್ರಿ" ಅನ್ನುವುದೇ ತಡ, ಅತ್ತೆ ಒಳಗಿನಿಂದ "ಬರ್ರಿ, ಕೈಕಾಲ ತೊಳ್ಕೊಂಡು ಕುಂದ್ರಿ" ಅನ್ನುತ್ತಿದ್ದರು. ಹಸಿದು ಬಂದವರನ್ನು ಹಾಗೇ ಕಳಿಸಿದರೆ ಬೆಳಗ್ಗೆ ಮಾಡಿದ ಲಿಂಗಪೂಜೆ ನೀರಿಗೆ ಹೋದ ಹಾಗೆ ಎಂಬುದು ಅವರ ಲೆಕ್ಕ.

ಸಂತೆಯ ದಿನ ಬಿಟ್ಟರೆ ಊರಲ್ಲಿ ಕಾಯಿಪಲ್ಲೆ ಸಿಗುತ್ತಿರಲಿಲ್ಲ. ಅತ್ತೆಗೆ ಅದು ಬೇಕಾಗಿಯೂ ಇರಲಿಲ್ಲ. ಚೂರು ಕುಸುಬೆ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ, ನೀರು ಕುದಿಸಿ, ಅದರ ಮೇಲೆ ಕಡಲೆಹಿಟ್ಟು ಉದುರಿಸಿ ಒಂದು ಕೈ ತಿರುವಿದರೆ ಜುಣಕ ಆಯಿತು. ಬುಟ್ಟಿಯಿಂದ ಕಟಕ ರೊಟ್ಟಿ, ಗಡಿಗೆಯಿಂದ ಅಗಸೆ ಹಿಂಡಿ ಎಂಬ ಚಟ್ನಿಪುಡಿ, ಹುಣಸೆ ಕಿವುಚಿದ ತಿಳಿ ಸಾರು. ಬಂದವರು ಕಾಲು ತೊಳೆದು ಒರೆಸಿಕೊಳ್ಳುವುದರೊಳಗೆ ತಾಟು ತಯಾರು. ಖರ್ಚು ಎಂಬುದೇ ಇಲ್ಲ, ಹೊಟ್ಟೆ ಮಾತ್ರ ತುಂಬುತ್ತಿತ್ತು. ಉಂಡವರೆಲ್ಲ ಅತ್ತೆಯ ಕೈಯನ್ನು ಹೊಗಳಿ ಗಾಡಿ ಹತ್ತುತ್ತಿದ್ದರು. ಅವರದೇನು, ಒಂದು ಹೊತ್ತಿನ ಊಟ. ದಿನಾ ಅದನ್ನೇ ತಿನ್ನುವವಳು ನಾನು.

ಅದನ್ನಾದರೂ ತಿನ್ನಬಹುದಿತ್ತು. ನನ್ನ ಜೀವ ತಿಂದದ್ದು ಅವರ ನೇಮ. ಯಾವುದೇ ಪದಾರ್ಥವಿರಲಿ, ಹೋದ ವರ್ಷದ್ದು ಮುಗಿಯದೆ ಈ ವರ್ಷದ್ದಕ್ಕೆ ಕೈ ಹಚ್ಚುವಂತಿಲ್ಲ. ಅವರು ಮಾಡಿಡುತ್ತಿದ್ದ ಅಳತೆಗೆ ಹೋದ ವರ್ಷದ್ದು ಮುಗಿಯುವುದೆಂದರೆ ಈ ವರ್ಷ ಮುಗಿದಂತೆಯೇ. ಅಷ್ಟರಲ್ಲಿ ಹೊಸದು ಹಳೆಯದಾಗಿರುತ್ತಿತ್ತು, ಅದರ ಹಿಂದೆ ಇನ್ನೊಂದು ಹೊಸದು ಬಂದು ಕೂತಿರುತ್ತಿತ್ತು. ಹೀಗಾಗಿ ಆ ಮನೆಗೆ ಕಾಲಿಟ್ಟಾಗಿನಿಂದ ನಾನು ಒಂದು ದಿನವೂ ಹೊಸದೆಂಬುದನ್ನು ತಿಂದಿರಲಿಲ್ಲ. ಕಣ್ಣೆದುರಿಗೇ ಹೊಸ ಹಿಂಡಿ ಘಮಘಮಿಸುತ್ತಿರುತ್ತಿತ್ತು, ತಾಟಿನಲ್ಲಿ ಕಮಟು ಹಿಂಡಿ. ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಹೊಸಾದು ತಿಂದು ಹಳೇದು ಇಟ್ರ ಅದು ಕೆಡ್ತದ," ಅಂದರು. "ಹಳೇದು ತಿಂದು ಹೊಸಾದು ಇಟ್ರ ಯಾಕ ಕೆಡ್ತದ?"

"ಕೆಡಂಗಿಲ್ರಿ ಅತ್ತಿ. ಹಳೇದಾಗ್ತದ."

"ಹಳೇದಾದ್ರ ತಿನ್ನೂನು. ಅದಕ್ಕೇ ಅಲ್ಲೇನು ಇಟ್ಟಿದ್ದು?"

ಮನೆಯವರ ಕಡೆ ನೋಡಿದರೆ ಅವರು ತಾಟಿನೊಳಗೆ ತಲೆ ಹಾಕಿ ರೊಟ್ಟಿ ಮುರಿಯುತ್ತಿದ್ದರು. ಆಮೇಲೆ ನಾನೊಬ್ಬಳೇ ಇದ್ದಾಗ ಹೇಳಿದರು. ಗಡಬಡಿಯ ಕಾಲಕ್ಕೆ ಇವರೆಲ್ಲ ಗುಂಡಗುರ್ತಿ ಹತ್ತಿರದ ಹಳ್ಳಿಯ ಮನೆಗೆ ಕೀಲಿ ಹಾಕಿ, ಒಂದು ಬುಟ್ಟಿ ಕಟಕ ರೊಟ್ಟಿ ಹೊತ್ತುಕೊಂಡು, ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರಂತೆ. ತಿರುಗಿ ಬಂದಾಗ ಬಾಗಿಲು ಇರಲಿಲ್ಲ, ದನ ಇರಲಿಲ್ಲ, ಹೊಲದಲ್ಲಿ ಬೆಳೆ ಇರಲಿಲ್ಲ. ಮೂಲೆಯಲ್ಲಿ ಅತ್ತೆಯ ಗಡಿಗೆ, ಭರಣಿಗಳು ಮಾತ್ರ ಇದ್ದವು. ಸಂತೆ ಕೂಡುವವರೆಗೆ ಮನೆಯವರೆಲ್ಲ ಅದನ್ನೇ ತಿಂದು ಬದುಕಿದರು. ಸರಿ, ನನಗೂ ಅರ್ಥವಾಯಿತು. ಆದರೆ ಅರ್ಥವಾದ ಮಾತ್ರಕ್ಕೆ ಕಮಟು ಹಿಂಡಿ ರುಚಿಯಾಗುತ್ತದೆಯೇ?

ಇದರ ಜೊತೆಗೆ ಇನ್ನೊಂದು ಕಾಟ. ನಾನು ಹಿಂದಿನ ಖೋಲಿಗೆ ಕಾಲಿಟ್ಟರೆ ಸಾಕು, ಅವರು ಎಲ್ಲಿದ್ದರೂ ಕೂಗುತ್ತಿದ್ದರು: "ಹಸಿ ಕೈ ಹಚ್ಚಬ್ಯಾಡ!" ಒದ್ದೆ ಕೈ ತಾಗಿದರೆ ಭರಣಿಯೊಳಗಿನದು ಬೂಸಲು ಹಿಡಿಯುತ್ತದೆ, ನಿಜ. ನನಗೆ ತವರಿನಲ್ಲಿ ಅಷ್ಟೂ ಹೇಳಿಕೊಟ್ಟಿರಲಿಲ್ಲವೇ? ಕಸ ಹೊಡೆಯಲು ಹೋದರೂ ಅದೇ ಕೂಗು. ಬಾವಿಕಟ್ಟೆಯಲ್ಲಿದ್ದ ಹೆಂಗಸರು ನನ್ನನ್ನು ಕಂಡರೆ ಅದನ್ನೇ ಹೇಳಿ ನಗುತ್ತಿದ್ದರು.

ನಾನು ಬಸುರಿಯಾದ ವರ್ಷದ ಚಳಿಗಾಲದಲ್ಲಿ ಅತ್ತೆ ಎಂದಿನಂತೆ ರಂಜಕ ಅರೆದರು. ಹಣ್ಣು ಮೆಣಸಿನಕಾಯಿಗೆ ಹುಣಸೆ, ಉಪ್ಪು, ಬೆಳ್ಳುಳ್ಳಿ, ಮೆಂತ್ಯ ಸೇರಿಸಿ ಅರೆದ ಕೆಂಪು ಚಟ್ನಿ. ಕುಂಕುಮದಂಥ ಬಣ್ಣ. ಭರಣಿಗೆ ತುಂಬಿ ಬಾಯಿ ಕಟ್ಟಿದರು. ಅದರ ಮಗ್ಗುಲಲ್ಲಿ ಹೋದ ವರ್ಷದ ರಂಜಕ ಕಪ್ಪಗಾಗಿ, ಅರ್ಧಕ್ಕಿಂತ ಮೇಲೆ ಉಳಿದಿತ್ತು. ನನಗೆ ಆ ಕೆಂಪು ರಂಜಕವೇ ಬೇಕಾಯಿತು. ಕೂತರೂ ಅದೇ, ನಿಂತರೂ ಅದೇ. ಹಸಿ ಎಣ್ಣೆ ಹಾಕಿ ರೊಟ್ಟಿಗೆ ಹಚ್ಚಿ ಒಂದು ತುತ್ತು ತಿಂದರೆ ಸಾಕಿತ್ತು. ಆದರೆ ಅತ್ತೆಯ ಮುಂದೆ ಬಾಯಿ ಬಿಡುವುದು ಹೇಗೆ? ಪಕ್ಕದ ಕ್ವಾರ್ಟರ್ಸಿನಲ್ಲಿ ಇಂಜಿನ್ ಫೈರ್‌ಮನ್‌ನ ಹೆಂಡತಿ ಇದ್ದಳು, ನಾವೆಲ್ಲ ಆಪಾ ಅನ್ನುತ್ತಿದ್ದೆವು. ಅವಳ ಹತ್ತಿರ ಹೇಳಿಕೊಂಡೆ. ಅವಳು ನೆಟ್ಟಗೆ ಹೋಗಿ ಅತ್ತೆಗೆ ಹೇಳಿದಳು.

"ಅಮ್ಮಾ, ನಿಮ್ಮ ಬಹೂಗ ಹೊಸಾ ರಂಜಕದ ಮ್ಯಾಲ ದಿಲ್ ಆಗ್ಯದ. ನಿಮ್ಮ ಮುಂದ ಹೇಳ್ಲಿಕ್ಕ ಅಂಜ್ಲಿಕತ್ತಾಳ."

ಅತ್ತೆ ಒಳಗೆ ಬಂದು "ಖರೇನು?" ಅಂದರು. ಹೂಂ ಅಂದೆ. ಅವರು ಎರಡೂ ಭರಣಿಗಳನ್ನು ನೋಡಿದರು. ಹೊಸದರ ಬಾಯಿ ಬಿಚ್ಚುತ್ತಾರೆಂದು ನಾನು ರೊಟ್ಟಿ ಕೈಯಲ್ಲಿ ಹಿಡಿದು ಕಾಯುತ್ತಿದ್ದೆ. ಅವರು ಸೆರಗು ಬಿಗಿದು ಹಳೆಯದನ್ನು ಎತ್ತಿದರು.

"ಇವತ್ತ ಇದು ಮುಗೀಲಿಕ್ಕೇ ಬೇಕು."

"ಅತ್ತಿ, ಹೊಸಾದ್ರಾಗಿಂದ ಒಂದ್ ಚಮಚಾ ತಗದ್ರ ಆತಲ್ರಿ?"

"ಹಳೇದು ಇದ್ದಾಗ ಹೊಸಾದ್ರ ಬಾಯಿ ಬಿಚ್ಚಂಗಿಲ್ಲ. ಬಸರಿ ಹೆಂಗಸಿನ ಬಯಕಿ ತೀರಸದೆ ಇರ್ಲಿಕ್ಕೂ ಆಗಂಗಿಲ್ಲ. ನಾ ಏನ್ ಮಾಡ್ಲಿ ಹೇಳು?"

ಅವರು ಮಾಡಿದ್ದೇನೆಂದರೆ, ಅವತ್ತು ಇಡೀ ವಾಡಿಗೆ ಊಟಕ್ಕೆ ಹಾಕಿದ್ದು. ಮನೆಯವರನ್ನು ಸ್ಟೇಷನ್ನಿಗೆ ಅಟ್ಟಿ, ಗಾಡಿಗೆ ಕಾಯುತ್ತಿದ್ದವರನ್ನೆಲ್ಲ ಕರೆಸಿದರು. ಹಮಾಲರು ಬಂದರು, ಹಳಿ ಕೆಲಸದ ಗ್ಯಾಂಗಿನವರು ಬಂದರು, ಸೇಡಂ ಗಾಡಿ ತಪ್ಪಿಸಿಕೊಂಡ ಒಂದು ದಿಬ್ಬಣವೇ ಬಂತು. ಜುಣಕ ಬೆಂದದ್ದೇ ಬೆಂದದ್ದು, ರೊಟ್ಟಿ ಬುಟ್ಟಿ ಬರಿದಾದದ್ದೇ ಆದದ್ದು. ಪ್ರತಿ ರೊಟ್ಟಿಯ ಮೇಲೂ ನಿಂಬೆಗಾತ್ರದ ಕಪ್ಪು ರಂಜಕ. ಯಾರದಾದರೂ ಹರಕೆ ಇದೆಯೇ ಎಂದು ಬಂದವರು ಕೇಳಿದರು.

"ಹರಕಿ ಏನಿಲ್ಲಪ, ಭರಣಿ ಖಾಲಿ ಆಗಬೇಕು," ಅಂದರು ಅತ್ತೆ.

"ಅವ್ವಾರ, ಬಾಯಿ ಉರೀಲಿಕತ್ತದ್ರಿ, ಸಾಕ್ರಿ," ಎಂದು ಒಬ್ಬ ಗ್ಯಾಂಗ್‌ಮನ್ ಕೈ ಅಡ್ಡ ಹಿಡಿದ. ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿತ್ತು.

"ಉರೀಲಿ ತಿನ್ನೋ. ಮನ್ಯಾಗ ಬಸರಿ ಹೆಂಗಸು ಕುಂತಾಳ."

ಅವನಿಗೆ ಏನೂ ತಿಳಿಯಲಿಲ್ಲ. ಬಸುರಿ ಎಂಬ ಮಾತು ಕೇಳಿ ಕೈ ತೆಗೆದ. ನಾನು ಟ್ರಂಕಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತ ಹಲ್ಲು ಕಡಿಯುತ್ತಿದ್ದೆ. ನಾಚಿಕೆಯಿಂದ ಜೀವ ಹಿಡಿಯಾಗಿತ್ತು. ಒಂದು ಚಮಚದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ಜನರ ಬಾಯಿ ಸುಡಬೇಕೇ?

ಹೊತ್ತು ಇಳಿಯುವಾಗ ಎಲ್ಲರೂ ಹೋದರು. ಭರಣಿಯ ತಳದಲ್ಲಿ ಇನ್ನೂ ಒಂದಿಷ್ಟು ಅಂಟಿಕೊಂಡಿತ್ತು. ಅತ್ತೆಗೆ ಖಾರ ಆಗಿಬರುತ್ತಿರಲಿಲ್ಲ. ಬಾಯಿಗೆ ಬಿದ್ದರೆ ಎದೆ ಹಿಡಿದುಕೊಂಡು ಕೂರುವವರು. ಅವರು ಗೋಡೆಗೆ ಒರಗಿ ಕೂತು, ರೊಟ್ಟಿಯ ಚೂರಿನಿಂದ ಭರಣಿಯನ್ನು ಒರೆಸಿ ಒರೆಸಿ ತಿಂದು ಮುಗಿಸಿದರು. ಬೆವರು ಇಳಿಯುತ್ತಿತ್ತು, ನಡುನಡುವೆ ಮಜ್ಜಿಗೆ ಕುಡಿಯುತ್ತಿದ್ದರು. ಆಗ ಅವರ ಮೇಲೆ ನನಗೆ ಎಂಥ ಪ್ರೀತಿ ಬಂತೆಂದರೆ ಅಳು ಬರುವ ಹಾಗಾಯಿತು. ಸಿಟ್ಟು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಕೈ ತೊಳೆದು, ಒರೆಸಿ, ಒಣಗಿಸಿಕೊಂಡು ಅವರು ಹೊಸ ಭರಣಿ ಬಿಚ್ಚಿದರು. ರೊಟ್ಟಿಗೆ ಕೆಂಪು ರಂಜಕ ಹಚ್ಚಿ ಎಣ್ಣೆ ಬಿಟ್ಟು ಕೈಗೆ ಕೊಟ್ಟರು. ಬೆಳಗಿನಿಂದ ಹಳೆಯದರ ಘಾಟು ಕುಡಿದು ಕುಡಿದು ಅಷ್ಟು ಹೊತ್ತಿಗೆ ನನ್ನ ಬಯಕೆಯೇ ಸತ್ತುಹೋಗಿತ್ತು. ಅವರು ಎದುರಿಗೇ ಕೂತು ನನ್ನ ಬಾಯಿ ನೋಡುತ್ತಿದ್ದರು. ನುಂಗಿದೆ.

"ಭಾಳ ಚಂದ ಆಗ್ಯದ್ರಿ ಅತ್ತಿ."

"ಬಯಕಿ ತೀರ್ತಲ್ಲ?" ಎಂದವರೇ ಭರಣಿಯ ಬಾಯಿ ಮತ್ತೆ ಕಟ್ಟಿದರು. "ಹೋದ ವರ್ಷದ ನಿಂಬಿಕಾಯಿ ಉಪ್ಪಿನಕಾಯಿ ಅದ. ಅದು ಮುಗೀಲಿ, ಆಮ್ಯಾಲ ಇದು ತಗಿಯೂನು."

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಮಗಳು ಹುಟ್ಟಿದಳು, ನಡೆದಳು, ಅವಳೂ ಹಳೆಯ ಹಿಂಡಿ ತಿಂದೇ ಬೆಳೆದಳು. ಹೈದರಾಬಾದ್ ರಾಜ್ಯ ಒಡೆಯುತ್ತದಂತೆ, ನಾವೆಲ್ಲ ಮೈಸೂರಿನ ಕಡೆ ಸೇರುತ್ತೇವಂತೆ ಎಂದು ಮನೆಯವರು ಒಂದು ದಿನ ಪೇಪರಿನ ಸುದ್ದಿ ಹೇಳಿದಾಗ ಅತ್ತೆ ಅಗಸೆ ಹುರಿಯುತ್ತಿದ್ದರು. "ಇದು ಪೂರಾ ಮುಗೀತೇನು, ಹೊಸಾದು ತಗೀಲಿಕತ್ತಾರ?" ಅಂದರು. ಹೊಸದು ಬರುವುದನ್ನು ಅವರು ನೋಡಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಂದವರಿಗೆಲ್ಲ ಅವರದೇ ರೊಟ್ಟಿ, ಅವರದೇ ಹಿಂಡಿ. ಗಾಡಿ ತಪ್ಪಿದ ಯಾರೋ ಪರವೂರಿನವರೂ ಬಂದು ಉಂಡು ಹೋದರು.

ಚಳಿಗಾಲ ಬಂದಾಗ ಮೊದಲ ಸಲ ನಾನೇ ರಂಜಕ ಅರೆದೆ. ಒಂದು ಮಧ್ಯಾಹ್ನ ಮನೆಯವರು ಊಟಕ್ಕೆ ಕೂತು, ರಂಜಕ ತಾ ಅಂದರು. ಹಿಂದಿನ ಖೋಲಿಗೆ ಹೋದೆ. ಯಾರೂ ಕೂಗಲಿಲ್ಲ. ಒಂದು ಭರಣಿಯಲ್ಲಿ ನನ್ನದು, ಕೆಂಪಗೆ. ಇನ್ನೊಂದರಲ್ಲಿ ಅವರು ಕೊನೆಗೆ ಅರೆದಿಟ್ಟದ್ದು, ಕಪ್ಪಗಾಗಿ, ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಅದರ ಬಟ್ಟೆ ಬಿಚ್ಚಿ ಮೂಗಿಟ್ಟು ನೋಡಿದೆ. ಕೆಟ್ಟಿರಲಿಲ್ಲ. ಇನ್ನೊಂದು ವರ್ಷ ಬಾಳುತ್ತಿತ್ತು. ಆದರೆ ನನ್ನ ಎರಡು ಕಣ್ಣೂ ಮುಚ್ಚಿಕೊಂಡವು. ಒರೆಸಿಕೊಂಡೆ. ಕೈ ಹಸಿಯಾಯಿತು.

ಹಸಿ ಕೈ ಹಚ್ಚುವಂತಿಲ್ಲ. ಸೆರಗಿನಿಂದಲೇ ಹಿಡಿದು ಅದರ ಬಾಯಿ ಮುಚ್ಚಿದೆ. ಮನೆಯವರನ್ನು ಕರೆದು, "ಹೊಸಾದು ತಕ್ಕೋರಿ," ಅಂದೆ.

"ಹಳೇದು ಅದಲ್ಲ?"

"ಇರ್ಲಿ ಬಿಡ್ರಿ. ಅದು ಮುಗೀಬಾರ್ದು."

ಅವರು ಹೊಸ ಭರಣಿಯ ಬಾಯಿ ಬಿಚ್ಚಿದರು. ಹಳೆಯದಿರುವಾಗಲೇ ಹೊಸದನ್ನು ತಿಂದದ್ದು ಆ ಮನೆಯಲ್ಲಿ ಅದೇ ಮೊದಲು. ಇಷ್ಟು ವರ್ಷ ನಾನು ಬಾಯಿ ಬಾಯಿ ಬಿಟ್ಟು ಕಾದದ್ದು ತಾಟಿನಲ್ಲಿತ್ತು, ಕುಂಕುಮದ ಹಾಗೆ ಕೆಂಪಗೆ. ಸುಡುಗಾಡು, ರುಚಿಯೇ ಹತ್ತಲಿಲ್ಲ.