ಕುರಿ ತುಳಿದ ಮಾಳಿಗಿ

ಇವತ್ತ ಮುಂಜಾನೆ ಹಸಿಮಣ್ಣಿನ ವಾಸನಿ ಬಂತು ನೋಡ್ರಿ, ನಮ್ಮ ಮಾಳಿಗಿ ನೆನಪಾಯ್ತು. ಅದರ ಕೆಳಗೇ ಕುಂತೀನಿ, ಅದು ಬ್ಯಾರೆ ಮಾತು.

ಗುಂಜೋಟಿ ಹತ್ರ ಕೆರಿ ದಂಡಿಗೆ ಹಳೇ ವಾಡೆ, ಅದರ ಮ್ಯಾಲಿನ ಅಂತಸ್ತು ನಮ್ಮದು. ನಮಗ ಕೆರಿನೇ ಸಮುದ್ರ. ಎಮ್ಮಿ ಈಜಿದ್ರ ಹಡಗು ಬಂದಂಗ ಕಾಣ್ತದ. ತಲಿ ಮ್ಯಾಲಿನ ಮಣ್ಣಿನ ಛಾವಣಿ, ಅದೇ ನಮ್ಮ ಮಾಳಿಗಿ, ಎಷ್ಟು ಸೋರ್ತಿತ್ತಂದ್ರ, ಹೊರಗ ಮಳಿ ನಿಂತ್ರೂ ನಾವು ಒಳಗ ಛತ್ರಿ ಹಿಡಿದು ಉಣ್ತಿದ್ವಿ.

ಹೋದ ವರ್ಷ ಅಪ್ಪ, ಇದನ್ನ ಕೆಡವಿ ಸ್ಲ್ಯಾಬ್ ಹಾಕ್ತೀನಿ ಅಂದ. ಆಯಿ, ಅಂದ್ರ ಅಪ್ಪನ ಅವ್ವ, ಸ್ಲ್ಯಾಬಿನ ಕೆಳಗ ಬ್ಯಾಸಗ್ಯಾಗ ನಾ ರೊಟ್ಟಿ ಆಗ್ತೀನಿ, ನನ್ನ ಕಾಸಾರಶಿರಸಿಗೆ ತಮ್ಮನ ಮನಿಗೆ ಕಳಿಸು ಅಂದ್ಲು. ಆಕಿ ಹೋದ್ರ ಶೇಂಗಾ ಹೋಳಿಗಿ ಗತಿ ಏನ್ರಿ? ನಾನೂ ಆಕಿ ಪಾರ್ಟಿ ಸೇರಿದೆ. ಕಡೀಕ ಅಪ್ಪ ಮೊಹಲತ್, ಅಂದ್ರ ವಾಯಿದೆ, ಕೊಟ್ಟ: ಮಾಳಿಗಿ ರಿಪೇರಿ ಮಾಡ್ಕೋರಿ, ದೊಡ್ಡ ಮಳ್ಯಾಗ ಒಂದು ಹನಿ ಬಿದ್ರ ಸ್ಲ್ಯಾಬೇ.

ಮಾಳಿಗಿ ಮ್ಯಾಲ ಬೇವಿನ ತಪ್ಪಲ ಹಾಸಿದ್ವಿ, ಹಾಳೂರ ದಿಬ್ಬದ ಬಿಳಿಮಣ್ಣು ತಂದು ಕೆಳಗ ಅಂಗಳದಾಗ ನೆನಿ ಹಾಕಿದ್ವಿ. ತುಳಿಯೋರು ಯಾರು? ಕುರಿ ಸಾಕಿದೋರ ಮನ್ಯಾಗ ಮನಷ್ಯಾರು ಕಾಲು ಕೆಸರು ಮಾಡ್ಕೋತಾರೇನು? ಕುರಿ ಕಾಯೋ ದೇವರು ಬೀರಪ್ಪನ ಭಂಡಾರದ ಅರಿಶಿಣ ಹಾರಿಸಿ ಇಡೀ ಹಿಂಡು ಕೆಸರಿಗಿಳಿಸಿದ್ವಿ. ಹೊಟ್ಟಿತುಂಬ ಮೇಯ್ದು ಬಂದ ಕುರಿ, ತುಳಕೋತನೇ ಹಿಕ್ಕಿನೂ ಹಾಕಿದ್ವು. ಮಣ್ಣು ಗಟ್ಟಿ ಆಗ್ತದಂತ ನಮಗ ಖುಷಿ; ಆ ಕೆಸರೇ ಮ್ಯಾಲ ಹೊತ್ತು ಮಾಳಿಗಿಗೆ ಬಳಿದ್ವಿ. ಹಿಕ್ಕ್ಯಾಗ ಹುಲ್ಲಿನ ಬೀಜ ಇರ್ತದಂತ ಒಬ್ಬರಿಗೂ ಹೊಳೀಲಿಲ್ಲ.

ಸಣ್ಣ ಮಳಿ ಒಂದು ಬಿತ್ತು. ಮಾಳಿಗಿ ಹಸರಾಯ್ತು! ಕೆಳಗಿಂದ ಕುರಿಗೊಳು ಮ್ಯಾಲ ನೋಡಿ ಜೊಲ್ಲು ಸುರಿಸಿದ್ವು. ನಾ ಕಣ್ಣಾರೆ ಕಂಡೀನಿ.

ಅಪ್ಪಂದು ಮಾರಿ ಕೆಂಪಗಾಯ್ತು. “ಮಾಳಿಗಿ ಮಾಡ್ರಿ ಅಂದ್ರ ಹೊಲಾ ಮಾಡೀರಿ. ಬೇರಿನ ಹಿಂದ ನೀರೂ ಇಳೀತದ.”

“ಹೊಲಾ ಆಗ್ಯಾದಂದ್ರ ಕಸಾ ತೆಗಿ,” ಅಂದ್ಲು ಆಯಿ. “ಏರು ಮ್ಯಾಲ.”

ಮನಿಮಂದಿ ಎಲ್ಲಾ ಏರಿದ್ವಿ. ಒಂದೊಂದು ಎಸಳು ಕಿತ್ತು, ಆ ತೂತಿಗೆ ಹಸಿಮಣ್ಣು ಹಚ್ಚಿ ಹೆಬ್ಬಟ್ಟಿಲೆ ಒತ್ತೋದು. ಅಪ್ಪ ಬೈಕೋತನೇ ಎಲ್ಲರಿಗಿಂತ ಮುಂದ. ಹೊಲದಾಗ ದುಡಿದ ಕೈ ಕಸಾ ಕಂಡ್ರ ಸುಮ್ನಿರ್ತದೇನ್ರಿ?

ಮುಂದ ಒಂದು ಮಧ್ಯಾಹ್ನ ದೊಡ್ಡ ಮಳಿ ಬಂತು. ಕೆರಿ ಕಾಣದಂಥಾ ಮಳಿ. ಅಪ್ಪ ನಡುಮನ್ಯಾಗ ಮಾರಿ ಮ್ಯಾಲ ಮಾಡಿ ನಿಂತ. ಮಳಿ ನಿಂತರೂ ಒಂದು ಹನಿ ಇಳೀಲಿಲ್ಲ.

“ಇನ್ನೊಂದು ಮಳಿ ನೋಡೂಣು,” ಅಂದ ಅಪ್ಪ, ಕುತ್ತಿಗಿ ತಿಕ್ಕೋತ.

“ನೋಡು. ಅದರ ಮುಂದಿಂದೂ ನೋಡು. ನಾ ಎಲ್ಲಿಗೆ ಹೋಗ್ತೀನಿ?” ಅಂದ್ಲು ಆಯಿ.

ಈ ವರ್ಷ ಮಣ್ಣು ನೆನಿ ಹಾಕಿದಾಂವ ಅಪ್ಪನೇ. ಈಗ ಕೆಳಗ ಧೋತರ ಎತ್ತಿ ಕಟ್ಟಿ, ತಾನೇ ತುಳಿಲಿಕ್ಕತ್ಯಾನ. ಕುರಿಗೊಳು ದಂಡಿಗೆ ನಿಂತು ನೋಡ್ಲಿಕ್ಕತ್ಯಾವ.